ಗಾವಡಗೆರೆಯ ಹೆಂಗಸರು ಕಲಿಸಿದ ತರ್ಕಶಾಸ್ತ್ರ

ಪದವಿಪೂರ್ವ ಕಾಲೇಜುಗಳಿಗೆ ತರ್ಕಶಾಸ್ತ್ರದ ಉಪನ್ಯಾಸಕರಾಗಿ ಹೊಸದಾಗಿ ಸೇರುವವರು ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರಂತೆ. ಇದ್ದರೆ ಅವರಿಗೆ ನನ್ನ ಮೊದಲ ಮಾತು: ಆರ್ಡರ್ ಕೈಗೆ ಬಂದ ದಿನ ಮನೆಯವರು ಕೊಡುವ ಮೈಸೂರು ಪಾಕನ್ನು ನೆಮ್ಮದಿಯಾಗಿ ತಿಂದುಬಿಡಿ. ಮಾರನೆಯ ದಿನದಿಂದ ಯಾರು ಕಂಡರೂ ಕೇಳುವುದು ಒಂದೇ ಪ್ರಶ್ನೆ. "ತರ್ಕಶಾಸ್ತ್ರನಾ? ಅಂದ್ರೆ ಏನ್ರೀ ಅದು?" ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಕಟಿಂಗ್ ಶಾಪಿನಲ್ಲಿ, ಕೊನೆಗೆ ನಿಮ್ಮ ಪ್ರಿನ್ಸಿಪಾಲರ ಕೋಣೆಯಲ್ಲಿ ಕೂಡ. ಇಪ್ಪತ್ತೇಳು ವರ್ಷ ನಾನು ಆ ಪ್ರಶ್ನೆಗೆ ಉತ್ತರ ಹೇಳಿಕೊಂಡೇ ಸಂಬಳ ತೆಗೆದುಕೊಂಡೆ. ನನಗೆ ಯಾವ ವರ್ಷ ಯಾವ ಬಡ್ತಿ ಬಂತು ಎನ್ನುವುದು ಸರ್ವೀಸ್ ರಿಜಿಸ್ಟರಿನಲ್ಲಿ ಇದೆ. ಬೇಕಾದವರು ಅಲ್ಲಿ ನೋಡಿಕೊಳ್ಳಲಿ. ನಾನು ಹೇಳಹೊರಟಿರುವುದು ನನ್ನ ಕೈಯಾರೆ ನನ್ನ ವಿಷಯವನ್ನೇ ಮುಳುಗಿಸಲು ಹೊರಟಿದ್ದ ವರ್ಷದ ಕಥೆ. ಮುಳುಗಲಿಲ್ಲ, ಗೆದ್ದೆವು. ಗೆಲ್ಲಿಸಿದ್ದು ನಾನಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಶುರುವಿನಲ್ಲಿ ನನಗೆ ಮೈಸೂರಿನಿಂದ ಹುಣಸೂರಿನ ಒಂದು ಕಾಲೇಜಿಗೆ ವರ್ಗವಾಯಿತು. ಮೈಸೂರಿನಲ್ಲಿ ನನ್ನ ತರಗತಿಯಲ್ಲಿ ಬೆಂಚು ಸಾಲದೆ ಕಿಟಕಿಯ ಕಟ್ಟೆ ಮೇಲೆ ಹುಡುಗರು ಕೂರುತ್ತಿದ್ದರು. ಹುಣಸೂರಿನಲ್ಲಿ ಮೊದಲ ದಿನ ಬಾಗಿಲು ತೆಗೆದು ನೋಡಿದರೆ ಹದಿನೈದು ಜನ. ಪ್ರಿನ್ಸಿಪಾಲ್ ಪುಟ್ಟಸ್ವಾಮಿಗೌಡರು ಇತಿಹಾಸದ ಮೇಷ್ಟ್ರು, ದಪ್ಪ ಮೀಸೆ, ಒಳ್ಳೆಯ ಮನಸ್ಸು, ಬಾಯಿ ಮಾತ್ರ ಹರಿತ. "ನೋಡಿ ಸಾರ್, ಜಗಳ ಆಡೋದನ್ನ ನಮ್ ಹುಡುಗ್ರಿಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಹುಟ್ತಾನೇ ಕಲ್ತು ಬಂದವ್ರೆ. ಅದಕ್ಕೊಂದು ಶಾಸ್ತ್ರ ಬೇರೆ ಯಾಕ್ ಬೇಕಿತ್ತು?" ಎಂದು ನಗುತ್ತಲೇ ಒಂದು ಸುತ್ತೋಲೆ ಕೈಗಿತ್ತರು. ಹದಿನೈದಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ವಿಷಯಗಳನ್ನು ಮುಚ್ಚಬೇಕು, ಅಧಿಕಾರಿಗಳು ಖುದ್ದಾಗಿ ಬಂದು ತಲೆ ಎಣಿಸುತ್ತಾರೆ ಎಂದು ಅದರಲ್ಲಿತ್ತು. ನಮ್ಮಲ್ಲಿ ಸರಿಯಾಗಿ ಹದಿನೈದು. ಒಬ್ಬರು ತಪ್ಪಿದರೂ ಆ ಕಾಲೇಜಿನಲ್ಲಿ ತರ್ಕಶಾಸ್ತ್ರಕ್ಕೆ ಎಳ್ಳುನೀರು.

ಇಷ್ಟಾದರೂ ನನಗೆ ಗಾಬರಿಯಾಗಲಿಲ್ಲ, ಯಾಕೆಂದರೆ ನನಗೆ ಆಗ ಬೇರೆಯೇ ಹುಚ್ಚು ಹಿಡಿದಿತ್ತು. ಎಂ.ಎ. ಓದುವಾಗ ಹತ್ತಿದ ಆ ಹುಚ್ಚಿನ ಹೆಸರು ಆದರ್ಶ ಭಾಷೆ. ಸುಮಾರು ನೂರು ವರ್ಷದ ಹಿಂದೆ ಯುರೋಪಿನ ಕೆಲವು ತತ್ತ್ವಜ್ಞಾನಿಗಳಿಗೆ ಒಂದು ಯೋಚನೆ ಬಂತು. ನಾವು ದಿನನಿತ್ಯ ಆಡುವ ಭಾಷೆ ಗೊಂದಲದ ಗೂಡು. ತತ್ತ್ವಶಾಸ್ತ್ರದ ಅರ್ಧಕ್ಕರ್ಧ ಜಗಳಗಳು ಹುಟ್ಟುವುದೇ ಈ ಗೊಂದಲದಿಂದ. ಅದರ ಬದಲು ಗಣಿತದಂಥ ಒಂದು ಭಾಷೆ ಕಟ್ಟೋಣ. ಅದರಲ್ಲಿ ಒಂದು ವಸ್ತುವಿಗೆ ಒಂದೇ ಗುರುತು, ಒಂದು ಗುರುತಿಗೆ ಒಂದೇ ವಸ್ತು. ವಾಕ್ಯದ ಕಟ್ಟು ನೋಡಿದರೆ ಸಂಗತಿಯ ಕಟ್ಟು ಕಾಣಬೇಕು. ಆಗ ಇಬ್ಬರಿಗೆ ವಾದ ಬಂದರೆ ಕೂಗಾಡುವ ಅಗತ್ಯವಿಲ್ಲ, ಕೂತು ಲೆಕ್ಕ ಹಾಕಿದರೆ ಸಾಕು. ಎಷ್ಟು ಚಂದದ ಕನಸು! ನಾನು ಅದಕ್ಕೆ ಸಂಪೂರ್ಣ ಮರುಳಾಗಿದ್ದೆ.

ಮನೆಯಲ್ಲೂ ಬಿಡುತ್ತಿರಲಿಲ್ಲ. ಒಮ್ಮೆ ನನ್ನ ಹೆಂಡತಿ ಶಾರದಾ ಒಲೆಯ ಮುಂದೆ ನಿಂತು, "ಏನೂಂದ್ರೆ, ಅಲ್ಲಿ ಅದು ಇದೆಯಲ್ಲ, ಬೇಗ ಕೊಡಿ" ಎಂದು ಕೈ ಚಾಚಿದಳು. ನಾನು ಕುರ್ಚಿಯಿಂದ ಏಳದೆ, "'ಅಲ್ಲಿ' ಅಂದರೆ ಯಾವ ಸ್ಥಳ? 'ಅದು' ಅಂದರೆ ಯಾವ ವಸ್ತು? ವಸ್ತುವಿನ ಹೆಸರು ಹೇಳದೆ ವಾಕ್ಯ ಪೂರ್ಣವಾಗುವುದಿಲ್ಲ" ಎಂದೆ. ಅಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿತು. "ಇಕ್ಕಳ ಕಣ್ರೀ, ಇಕ್ಕಳ! ಈಗ ಪೂರ್ಣವಾಯ್ತಾ ನಿಮ್ಮ ವಾಕ್ಯ?" ಎಂದವಳು ಎರಡು ದಿನ ಕಪ್ಪು ಕಾಫಿ ಕೊಟ್ಟಳು. ಅದರಿಂದಲೂ ನಾನು ಪಾಠ ಕಲಿಯಲಿಲ್ಲ.

ಹುಣಸೂರಿನ ತರಗತಿಯ ಗೋಡೆಗೆ ಒಂದು ದೊಡ್ಡ ಡ್ರಾಯಿಂಗ್ ಶೀಟು ಅಂಟಿಸಿದೆ. ಕೆಂಪು ಇಂಕಿನಲ್ಲಿ 'ಒಂದು ವಸ್ತು, ಒಂದು ಹೆಸರು' ಎಂದು ಬರೆದೆ. ಇದು ನನ್ನ ತರಗತಿಯ ಕಾನೂನು. ಸುತ್ತಿ ಬಳಸಿ ಮಾತನಾಡುವ ಹಾಗಿಲ್ಲ. ನಿಜ ಹೇಳಬೇಕೆಂದರೆ ಮೊದಲ ತಿಂಗಳು ನನ್ನ ಪಾಠ ಯಾರಿಗೂ ತಲೆಗೆ ಹೋಗಲಿಲ್ಲ. ಪುಸ್ತಕದಲ್ಲಿ ಬರುವ ಪ್ರಸಿದ್ಧ ಸಮಸ್ಯೆಯೊಂದನ್ನು ಊರಿಗೆ ಹೊಂದಿಸಿ ಬೋರ್ಡಿನ ಮೇಲೆ ಬರೆದಿದ್ದೆ: 'ಹುಣಸೂರಿನ ಈಗಿನ ಮಹಾರಾಜರು ಕನ್ನಡಕ ಹಾಕುತ್ತಾರೆ.' ಇದು ನಿಜವೋ ಸುಳ್ಳೋ? ನಿಜ ಅನ್ನುವ ಹಾಗಿಲ್ಲ, ಹುಣಸೂರಿಗೆ ಮಹಾರಾಜರೇ ಇಲ್ಲ. ಸುಳ್ಳು ಅಂದರೆ ಮಹಾರಾಜರು ಕನ್ನಡಕ ಹಾಕುವುದಿಲ್ಲ ಎಂದಾಯಿತು, ಹಾಗೆ ಹೇಳುವುದಕ್ಕೂ ಒಬ್ಬ ಮಹಾರಾಜರು ಬೇಕಲ್ಲ! ಮರದ ಕೆಲಸದ ಮನೆಯ ಹುಡುಗ ರಹಮತ್ ಮಾತ್ರ ಎದ್ದು ನಿಂತು, "ಮಹಾರಾಜ್ರು ಮೈಸೂರಲ್ಲಲ್ವಾ ಸಾರ್ ಇರೋದು? ಇಲ್ಲಿಗ್ಯಾಕ್ ಬಂದ್ರು?" ಎಂದ. ತರಗತಿಯೆಲ್ಲ ನಕ್ಕಿತು. ನಾನು ನಗಲಿಲ್ಲ, ನನಗೆ ಸಿಟ್ಟು ಬಂದಿತ್ತು.

ಆ ಹದಿನೈದು ಜನರಲ್ಲಿ ಒಬ್ಬಳು ಜಯಮ್ಮ. ಉಳಿದವರಿಗಿಂತ ನಾಲ್ಕೈದು ವರ್ಷ ದೊಡ್ಡವಳು. ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿ ಗಾವಡಗೆರೆಗೆ ಬಂದಿದ್ದಳು. ಅವಳ ಅತ್ತೆ ಕೆಂಪಮ್ಮನೇ ಮುಂದೆ ನಿಂತು ಸೊಸೆಯನ್ನು ಕಾಲೇಜಿಗೆ ಕಳಿಸಿದ್ದು. ಜಯಮ್ಮ ಜೊತೆಗಿರುತ್ತಾಳೆ ಎಂಬ ಧೈರ್ಯದ ಮೇಲೆ ಅದೇ ಊರಿನ ಇನ್ನೂ ಮೂರು ಮನೆಯವರು ತಮ್ಮ ಹೆಣ್ಣುಮಕ್ಕಳನ್ನು ಬಸ್ಸು ಹತ್ತಿಸುತ್ತಿದ್ದರು. ನಾಲ್ಕೂ ಜನ ಒಂದೇ ಬಸ್ಸಿಗೆ ಬಂದು, ಒಂದೇ ಬೆಂಚಿನಲ್ಲಿ ಕೂತು, ಒಂದೇ ಬಸ್ಸಿಗೆ ಹೋಗುತ್ತಿದ್ದರು. ಈ ಲೆಕ್ಕ ನನಗೆ ಆಗ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಬೇಕೆಂದು ಅನ್ನಿಸಿಯೂ ಇರಲಿಲ್ಲ.

ಆ ದಿನದ ಪಾಠ ಹೆಸರಿನ ಬಗ್ಗೆ. "ನಿಮಗೆ ತುಂಬ ಹತ್ತಿರದವರೊಬ್ಬರ ಹೆಸರು ಹೇಳಿ. ಬರೀ ಹೆಸರು, ಬೇರೇನೂ ಬೇಡ" ಎಂದೆ. ಒಬ್ಬೊಬ್ಬರೇ ಎದ್ದು ಅಣ್ಣನದೋ ತಾಯಿಯದೋ ಹೆಸರು ಹೇಳಿ ಕೂತರು. ಜಯಮ್ಮನ ಸರದಿ ಬಂತು.

"ನಮ್ಮ ಮನೆಯೋರು ಸಾರ್."

"ಅದು ಹೆಸರಲ್ಲ. ಹೆಸರು ಹೇಳಮ್ಮ."

"ನಮ್ಮತ್ತೆಯೋರ ಹಿರೀ ಮಗ."

"ಅದೂ ಹೆಸರಲ್ಲ! ಗೋಡೆ ಮೇಲೆ ಏನು ಬರೆದಿದೆ ಓದು."

ಅವಳು ಗೋಡೆ ನೋಡಲಿಲ್ಲ, ನೆಲ ನೋಡುತ್ತಾ ನಿಂತಳು. ಅವಳ ಪಕ್ಕದ ಹುಡುಗಿ, "ಅವ್ರು ಗಂಡನ್ ಎಸ್ರು ಯೋಳಲ್ಲ ಸಾರ್" ಎಂದು ಪಿಸುಗುಟ್ಟಿದಳು. ಅಲ್ಲಿಗೆ ನಾನು ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನನ್ನ ತಲೆಯಲ್ಲಿ ಆದರ್ಶ ಭಾಷೆ ಕುಣಿಯುತ್ತಿತ್ತು. ಮೂಢನಂಬಿಕೆಯನ್ನು ಇವತ್ತೇ ಬುಡಸಮೇತ ಕಿತ್ತು ಹಾಕುತ್ತೇನೆಂದು ಹೊರಟೆ. ನಾನು ಬಂದ ವಾರವೇ ಎಲ್ಲರಿಂದಲೂ ಪೋಷಕರ ಸಹಿಯಿರುವ ಅರ್ಜಿ ತುಂಬಿಸಿಕೊಂಡಿದ್ದೆ, ಆದ್ದರಿಂದ ಗಂಡನ ಹೆಸರು ನನಗೆ ಗೊತ್ತಿತ್ತು. ಅದನ್ನು ಬೋರ್ಡಿನ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ ಬರೆದು, "ಹೂಂ, ಓದು" ಎಂದೆ. ಅವಳು ಓದಲಿಲ್ಲ. ಒಂದು ನಿಮಿಷ ಕಾದು, "ಓದಲು ಬಾರದಿದ್ದರೆ ಇದು ಯಾಕೆ ಇಲ್ಲಿರಬೇಕು?" ಎಂದು ಡಸ್ಟರ್ ತೆಗೆದುಕೊಂಡು ಆ ಹೆಸರನ್ನು ಒರೆಸಿಬಿಟ್ಟೆ.

ತರಗತಿಯಲ್ಲಿ ಯಾರೋ 'ಅಯ್ಯೋ' ಎಂದರು. ಜಯಮ್ಮ ಪುಸ್ತಕ ಎತ್ತಿಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದಳು. ಅವಳ ಹಿಂದೆ ಆ ಮೂವರು ಹುಡುಗಿಯರೂ ಎದ್ದು ಹೋದರು. ಮಾರನೆಯ ದಿನ ಆ ಬೆಂಚು ಖಾಲಿ. ಅದರ ಮಾರನೆಯ ದಿನವೂ ಖಾಲಿ.

ಪುಟ್ಟಸ್ವಾಮಿಗೌಡರು ಹಾಜರಿ ಪುಸ್ತಕ ನೋಡಿ ಮೀಸೆ ತಿರುವಿದರು. "ಹನ್ನೊಂದು ಜನ! ಕ್ರಿಕೆಟ್ ಟೀಮಾಯ್ತು ಕಣ್ರೀ, ಕ್ಲಾಸಾಗಲ್ಲ. ಇನ್ನು ಹತ್ ದಿನಕ್ಕೆ ಆಫೀಸರ್ ಬತ್ತಾರೆ. ಏನ್ ಮಾಡ್ತೀರೋ ನೀವೇ ನೋಡಿ." ನಗುತ್ತಾ ಹೇಳಿದವರು ಆಮೇಲೆ ದನಿ ತಗ್ಗಿಸಿದರು. "ಸಾರ್, ಎಸ್ರು ಬರ್ದಿದ್ ಹೋಗ್ಲಿ ಬುಡಿ. ಬದ್ಕಿರೋನ್ ಎಸ್ರ ಆ ಹೆಣ್ಮಗಳ್ ಕಣ್ಮುಂದೆ ಅಳ್ಸುದ್ರಲ್ಲಾ, ನಿಮಗೆ ಬುದ್ಧಿ ಬ್ಯಾಡ್ವಾ?" ಎಂದರು. ಆಗ ನನಗೆ ನಾನು ಮಾಡಿದ್ದೇನು ಎನ್ನುವುದು ಹೊಳೆಯಿತು. ನಾಚಿಕೆಯಿಂದ ಕುಗ್ಗಿಹೋದೆ.

ಮುಂದಿನ ಬಸ್ಸಿಗೇ ಗಾವಡಗೆರೆಗೆ ಹೋದೆ. ಹೊಗೆಸೊಪ್ಪಿನ ಕಾಲ. ಮನೆಯ ಪಕ್ಕದ ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಬೇಯಿಸುವ ಎತ್ತರದ ಗೂಡಿನಲ್ಲಿ, ಬೆಂಕಿ ಉರಿಯುತ್ತಿತ್ತು. ಅದರ ಮುಂದಿನ ಚಪ್ಪರದ ನೆರಳಲ್ಲಿ ಏಳೆಂಟು ಹೆಂಗಸರು ಹಸಿ ಎಲೆಯ ರಾಶಿಯ ಸುತ್ತ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ರಾಶಿಯ ಆ ಬದಿಯಲ್ಲಿ ಜಯಮ್ಮ ಇದ್ದಳು, ತಲೆ ಎತ್ತಲಿಲ್ಲ. ಈ ಬದಿಯಲ್ಲಿದ್ದ ಹಿರಿಯ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟಳು. ಕೆಂಪಮ್ಮ ಇವಳೇ ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

"ನೀವೇ ಏನ್ ಮೇಷ್ಟ್ರೇ ಅದು? ಬರ್ದಿದ್ದೂ ಅಲ್ದೆ ಅಳ್ಸಿ ಬ್ಯಾರೆ ಬುಟ್ರಂತಲ್ಲಾ! ಮನೇಲಿ ಗುಂಡುಕಲ್ಲಿನಂಗಿರೋ ನನ್ ಮಗನ್ ಎಸ್ರ ಅಳ್ಸಕ್ಕೆ ನಿಮಗೆ ಯಾರ್ ಅಪ್ಪಣೆ ಕೊಟ್ರು?"

"ತಪ್ಪಾಯಿತು ತಾಯಿ" ಎಂದೆ.

"ತಪ್ಪಾಯ್ತು ಅಂದ್ಬುಟ್ರೆ ಆಗೋಯ್ತಾ? ನಾನೇ ಓದವ್ವ ಓದವ್ವ ಅಂತ ಕಳ್ಸಿದ್ದು. ಊರೋರೆಲ್ಲ ಈಗ ನನ್ ಮಕಕ್ಕೆ ಉಗೀತಾವ್ರೆ."

ನಾನು ನಿಂತೇ ಇದ್ದೆ. ಯಾರೋ ಒಂದು ಮಣೆ ತಳ್ಳಿದರು. ಕೂತುಕೊಂಡು, ನಾನು ಯಾಕೆ ಹಾಗೆ ಮಾಡಿದೆ ಎಂದು ಹೇಳಲು ಹೋದೆ. ಒಬ್ಬರನ್ನು ಗುರುತಿಸಬೇಕಾದರೆ ಹೆಸರಿಗಿಂತ ಖಚಿತವಾದದ್ದು ಇಲ್ಲ, ಹೆಸರಿಲ್ಲದಿದ್ದರೆ ಗೊಂದಲವಾಗುತ್ತದೆ, ಅದಕ್ಕೇ ಹಾಗೆ ಕೇಳಿದ್ದು ಎಂದೆ. ಕೆಂಪಮ್ಮ ನನ್ನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದಳು.

"ನಲವತ್ ವರ್ಸ ಆಯ್ತು ಕಣಪ್ಪ ನಾನು ಮದ್ವೆಯಾಗಿ. ಒಂದ್ ದಿನಾನೂ ನಮ್ಮೆಜಮಾನ್ರ ಎಸ್ರು ಬಾಯಿಗ್ ಬಂದಿಲ್ಲ. ಒಂದ್ ದಿನಾನೂ ಬ್ಯಾರೆಯವನ್ ಬಂದು ನನ್ ಮನೇಲಿ ಉಣ್ಣಕ್ ಕೂತಿಲ್ಲ. ಎಲ್ಲಯ್ಯ ಗೊಂದ್ಲ?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನಕ್ಕ ಮೇಲೆ ಗಾಳಿ ಸ್ವಲ್ಪ ತಿಳಿಯಾಯಿತು. ಮೂಲೆಯಲ್ಲಿದ್ದ ದೊಡ್ಡತಾಯಿ ಎಂಬಾಕೆ, "ಅಂಗನ್ಬ್ಯಾಡ ಕಣಕ್ಕ, ನಾನೊಂದ್ ಕಿತ ಎಡವಟ್ ಮಾಡ್ಕಂಡಿದ್ನಲ್ಲ" ಎಂದು ಶುರು ಮಾಡಿದಳು. ಹೊಸದಾಗಿ ಮದುವೆಯಾದಾಗ ಹುಣಸೂರಿನಿಂದ ಯಾರ ಕೈಲೋ 'ನಮ್ಮತ್ತೆ ಮಗನ್ನ ಬರಕ್ಕೇಳಿ' ಎಂದು ಹೇಳಿ ಕಳಿಸಿದ್ದಳಂತೆ. "ನಮ್ಮತ್ತೆಗೆ ಮೂರ್ ಜನ ಗಂಡ್ಮಕ್ಳು ಸಾಮಿ! ಏನಾಯ್ತೋ ಅಂತ ಮೂರೂ ಜನಾನೂ ಕೆಲ್ಸ ಬುಟ್ಟು ಎದ್ನೋ ಬಿದ್ನೋ ಅಂತ ಓಡ್ಬಂದ್ರು! ಅವತ್ತಿಂದ 'ನಡ್ಲ ಮಗ' ಅಂತ ಸೇರ್ಸೇ ಯೋಳೋದು."

ಕೆಂಪಮ್ಮ ತಲೆಯಾಡಿಸಿದಳು. "ಅದ್ಕೇ ನನ್ ಸೊಸೆ ಮನೆಗ್ ಬಂದ್ ದಿನಾನೇ ಯೋಳ್ಕೊಟ್ಟಿವ್ನಿ. ಮೊದ್ಲು ಅಂಗಿರೋನ್ ಒಬ್ಬ ಇರ್ಬೇಕು. ಆಮೇಲೆ ಒಬ್ನೇ ಇರ್ಬೇಕು. ಇವೆಲ್ಡು ನೋಡ್ಕಂಡು ಆಮೇಲೆ ಮುಂದ್ಲ ಮಾತಾಡು ಅಂತ."

ನಾನು ಮಣೆಯಿಂದ ಎದ್ದು ನಿಂತೆ. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. 'ಹುಣಸೂರಿನ ಮಹಾರಾಜರು ಕನ್ನಡಕ ಹಾಕುತ್ತಾರೆ' ಎಂಬ ಆ ಕಗ್ಗಂಟಿಗೆ ತತ್ತ್ವಜ್ಞಾನಿಗಳು ಕೊಟ್ಟ ಪರಿಹಾರ ಇದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಆ ಒಂದು ವಾಕ್ಯದೊಳಗೆ ಮೂರು ಮಾತು ಅಡಗಿವೆ. ಅಂಥವರೊಬ್ಬರು ಇದ್ದಾರೆ. ಒಬ್ಬರೇ ಇದ್ದಾರೆ. ಅವರು ಹೀಗಿದ್ದಾರೆ. ಮೊದಲ ಮಾತೇ ಸುಳ್ಳಾದರೆ ಇಡೀ ವಾಕ್ಯ ಸುಳ್ಳು, ಕನ್ನಡಕದ ಗೊಡವೆಯೇ ಬೇಡ. ಅಷ್ಟೇ ಅಲ್ಲ. ನಿಜವಾದ ಆದರ್ಶ ಭಾಷೆಗೆ ಹೆಸರುಗಳೇ ಬೇಡ, ಹೆಸರಿನ ಜಾಗದಲ್ಲಿ ಒಬ್ಬರಿಗೇ ಹೊಂದುವ ವರ್ಣನೆ ಇಟ್ಟರೆ ಸಾಕು ಎಂದು ಆಮೇಲೆ ಬಂದವರು ವಾದಿಸಿದ್ದರು. ಆ ಅಧ್ಯಾಯವನ್ನು ನಾನು ಮೂರು ತಿಂಗಳು ಉರು ಹೊಡೆದು ಪರೀಕ್ಷೆಯಲ್ಲಿ ಕಕ್ಕಿದ್ದೆ. ಅರ್ಥವಾಗಿರಲಿಲ್ಲ. ಇಲ್ಲಿ ಅಜ್ಜಿ, ಮುತ್ತಜ್ಜಿಯರ ಕಾಲದಿಂದ ಹೆಂಗಸರು ಹೆಸರಿಲ್ಲದೆ, ಗೊಂದಲವಿಲ್ಲದೆ, ಎಲೆ ಕಟ್ಟುತ್ತಾ ಅದನ್ನೇ ಆಡಿಕೊಂಡು ಬಂದಿದ್ದಾರೆ. ಇಂಥವರ ಮುಂದೆ ನಾನು ಬೋರ್ಡಿನ ಮೇಲೆ ಹೆಸರು ಬರೆದು 'ಓದು' ಅಂದಿದ್ದೆ!

"ತಾಯಿ, ಇದು ನಮ್ಮ ಪುಸ್ತಕದಲ್ಲಿದೆ. ನನಗೇ ತಿಳಿದಿರಲಿಲ್ಲ. ಇನ್ನೊಂದು ಸಲ ಹೇಳಿಕೊಡಿ" ಎಂದೆ. ಕೈ ಮುಗಿದೇ ಕೇಳಿದೆ, ಸುಳ್ಳು ಹೇಳುವುದಿಲ್ಲ.

ಕೆಂಪಮ್ಮನಿಗೆ ನನ್ನ ತಲೆ ಸರಿಯಿದೆಯೋ ಇಲ್ಲವೋ ಎಂದು ಅನುಮಾನ ಬಂದಿರಬೇಕು. ಅಷ್ಟು ಹೊತ್ತು ಸುಮ್ಮನಿದ್ದ ಜಯಮ್ಮ ಆಗ ಮೊದಲ ಸಲ ಬಾಯಿ ಬಿಟ್ಟಳು. "ನಾನ್ ಬತ್ತೀನಿ ಸಾರ್. ಆದ್ರೆ ಆ ಗೋಡೆ ಮೇಲಿರೋ ಬರಹ ತೆಗೀಬೇಕು."

ಅತ್ತೆ ಸೊಸೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಓಗ್ಲಿ. ಆದ್ರೆ ಕೇಳುಸ್ಕಳಿ ಮೇಷ್ಟ್ರೇ. ಇನ್ನೊಂದ್ ಸಲ ನೀವಾಗ್ಲಿ, ನಿಮ್ಮಪ್ಪನಂತೋನಾಗ್ಲಿ, ಅವ್ಳ ಬಾಯಿಂದ ಎಸ್ರು ಯೋಳ್ಸುದ್ರೆ, ಕೈಯಿಂದ ಬರುಸುದ್ರೆ, ಅವತ್ತೇ ಕಡೆ. ಆ ಮೂರ್ ಹೆಣ್ಮಕ್ಳೂ ಬರಾಕಿಲ್ಲ." ನಾನು ಒಪ್ಪಿಕೊಂಡೆ.

ಮನೆಗೆ ಬಂದು ಶಾರದಾಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಎಂಥ ಮಹಾ ಸತ್ಯ ಕಂಡುಕೊಂಡೆ ನೋಡು ಎಂದೆ. ಅವಳು ಲೋಟಕ್ಕೆ ಕಾಫಿ ಬಗ್ಗಿಸುತ್ತಾ, "ಏನೂಂದ್ರೆ, ಮದುವೆಯಾಗಿ ಹನ್ನೆರಡು ವರ್ಷದಿಂದ ನಾನು ನಿಮ್ಮನ್ನ ಏನಂತ ಕರೀತಿದೀನಿ? ಇದನ್ನ ತಿಳ್ಕೊಳ್ಳೋಕೆ ಗಾವಡಗೆರೆ ತನಕ ಹೋಗ್ಬೇಕಿತ್ತಾ?" ಎಂದಳು. ನಾನು ಕಾಫಿ ಲೋಟ ಎತ್ತಿಕೊಂಡೆ.

ಮಾರನೆಯ ದಿನ ಆ ಡ್ರಾಯಿಂಗ್ ಶೀಟು ಹರಿದು ಬುಟ್ಟಿಗೆ ಹಾಕಿದೆ. ಹೊಸಬರಿಗೆ ಹೇಳುತ್ತೇನೆ, ಪಾಠದ ದಾರಿ ಬದಲಾಯಿಸಲು ಮಾನ ಮರ್ಯಾದೆ ನೋಡಬೇಡಿ. ನಾನು ಅವತ್ತಿನಿಂದ ಪುಸ್ತಕ ಮುಚ್ಚಿ ಪ್ರಶ್ನೆ ಕೇಳಲು ಶುರು ಮಾಡಿದೆ. ನಿಮ್ಮ ಮನೆಯಲ್ಲಿ ಗುರುತು ಹೇಗೆ ಹಾಕುತ್ತೀರಿ ಎಂದೆ. ರಹಮತ್ ಎದ್ದು, "ನಮ್ಮಬ್ಬ ಬಾಗಿಲ ಚೌಕಟ್ಟು ಮಾಡೋವಾಗ ಒಂದೊಂದ್ ತೂತಿಗೂ ಒಂದ್ ಗುರುತು ಹಾಕ್ತಾರೆ ಸಾರ್. ಆ ಗುರುತಿನ ತುಂಡು ಆ ತೂತಿಗೇ ಕೂರ್ಬೇಕು. ಎರಡ್ ತುಂಡಿಗೆ ಒಂದೇ ಗುರುತು ಹಾಕಿದ್ರೆ ಬಾಗಿಲು ಸೊಟ್ಟ ಆಗ್ತದೆ" ಎಂದ. ಆದರ್ಶ ಭಾಷೆಯ ಮೊದಲ ನಿಯಮ ಅಲ್ಲಿಗೆ ಮುಗಿಯಿತು. ಮಹಾರಾಜರ ಕನ್ನಡಕವನ್ನು ಮತ್ತೆ ಬೋರ್ಡಿಗೆ ತಂದೆ. ಜಯಮ್ಮ ನಿಂತ ಕಾಲಲ್ಲಿ, "ಸುಳ್ಳು ಸಾರ್. ಮೊದ್ಲು ಒಬ್ಬರು ಇರ್ಬೇಕು, ಇಲ್ಲವಲ್ಲ. ಇಲ್ಲದೋರಿಗೆ ಕನ್ನಡಕ ಯಾರ್ ಹಾಕ್ತಾರೆ?" ಎಂದಳು. ಆ ದಿನ ನನಗಾದ ಸಂತೋಷ ಯಾವ ಬಡ್ತಿಯಲ್ಲೂ ಆಗಲಿಲ್ಲ.

ಹತ್ತನೆಯ ದಿನ ಅಧಿಕಾರಿಗಳು ಬಂದರು. ಮೈಸೂರಿನಿಂದ ಜೀಪಿನಲ್ಲಿ ಬಂದ ಗಂಭೀರ ಮನುಷ್ಯ. ಬೇರೆಲ್ಲೋ ವಿಷಯ ಉಳಿಸಿಕೊಳ್ಳಲು ಹೊರಗಿನವರನ್ನು ಕರೆತಂದು ಬೆಂಚಿನಲ್ಲಿ ಕೂರಿಸಿದ್ದರಂತೆ, ಹಾಗಾಗಿ ಬರೀ ತಲೆ ಎಣಿಸಿದರೆ ಅವರಿಗೆ ತೃಪ್ತಿಯಾಗುವಂತಿರಲಿಲ್ಲ. ಹದಿನೈದು ಅರ್ಜಿಗಳನ್ನೂ ಮುಂದಿಟ್ಟುಕೊಂಡು ಒಬ್ಬೊಬ್ಬರನ್ನೇ ನಿಲ್ಲಿಸಿ, "ತಂದೆ ಹೆಸರು?" ಎಂದು ಕೇಳಿ ತಾಳೆ ನೋಡತೊಡಗಿದರು. ಹದಿನಾಲ್ಕು ಜನ ಮುಗಿದರು. ಕೊನೆಯದು ಜಯಮ್ಮನ ಅರ್ಜಿ. ಅವರು ತಾಳಿ, ಕಾಲುಂಗುರ ನೋಡಿದರು.

"ಮದುವೆಯಾಗಿದೆ. ಕಾಲೇಜು ವಿದ್ಯಾರ್ಥಿನಿ. ಹೂಂ. ಗಂಡನ ಹೆಸರೇನಮ್ಮ?"

ಜಯಮ್ಮ ತಲೆ ತಗ್ಗಿಸಿದಳು. ಬಾಗಿಲಲ್ಲಿ ನಿಂತಿದ್ದ ಪುಟ್ಟಸ್ವಾಮಿಗೌಡರು ಒಳಗೆ ಬಂದು, "ಸಾರ್, ನಮ್ ಕಡೆ ಹೆಣ್ಮಕ್ಳು..." ಎಂದರು.

"ಗೊತ್ತು ರೀ, ನಾನೂ ಇದೇ ಜಿಲ್ಲೆಯವನೇ. ಹೋದ ವಾರ ಒಂದು ಕಡೆ ಇದೇ ನೆಪ ಹೇಳಿದರು. ವಿಚಾರಿಸಿದರೆ ಆ ಹೆಂಗಸು ಕಾಲೇಜು ಮುಂದಿನ ಹೋಟೆಲಿನವಳು. ಬಾಯಲ್ಲಿ 'ಹೇಳಲ್ಲ' ಅಂದರೆ ಬರೆದು ತೋರಿಸಲಿ. ಇಲ್ಲದಿದ್ದರೆ ಈ ಹೆಸರು ಹೊಡೆಯುತ್ತೇನೆ." ಪೆನ್ನಿನ ಮುಚ್ಚಳ ತೆಗೆದರು.

ಹದಿನಾಲ್ಕು. 'ಬರೆದುಬಿಡಮ್ಮ' ಎಂದು ನಾನು ಹೇಳಿದ್ದರೆ ಅವಳು ಬರೆಯುತ್ತಿದ್ದಳೋ ಏನೋ. ಅವತ್ತಿಗೆ ವಿಷಯ ಉಳಿಯುತ್ತಿತ್ತು, ಸಂಜೆಗೆ ಅವಳ ಓದು ನಿಲ್ಲುತ್ತಿತ್ತು. ಕೆಂಪಮ್ಮನಿಗೆ ಕೊಟ್ಟ ಮಾತು ನೆನಪಾಯಿತು. ನಾನು ಹೇಳಲಿಲ್ಲ. ನನ್ನ ಇಡೀ ವೃತ್ತಿಯಲ್ಲಿ ನಾನು ಮಾಡಿದ ಒಂದೇ ಒಂದು ಜಾಣತನದ ಕೆಲಸ ಎಂದರೆ ಆ ಒಂದು ನಿಮಿಷ ಬಾಯಿ ಮುಚ್ಚಿಕೊಂಡು ನಿಂತದ್ದು.

ಜಯಮ್ಮ ತಲೆ ಎತ್ತಿದಳು. "ಬರೆಯಲ್ಲ ಸಾರ್. ಹೆಸರಿಂದ ನಿಮ್ಮ ಕೆಲಸ ಆಗಲ್ಲ."

"ಏನಂದೆ?"

"ಆ ಹೆಸರಿನೋರು ನಮ್ಮೂರಲ್ಲೇ ಐದ್ ಜನ ಇದಾರೆ ಸಾರ್. ಯಾರನ್ನಾದ್ರೂ ಕರ್ಕೊಂಡ್ ಬಂದು ಆ ಹೆಸರು ಬಾಯಿಪಾಠ ಮಾಡಿಸಿ ನಿಲ್ಲಿಸಿದ್ರೆ ಅವ್ಳೂ ಹೇಳ್ತಾಳೆ, ನೀವೂ ನಂಬ್ತೀರಿ. ಹೆಸರು ಹೇಳಿದ್ ಮಾತ್ರಕ್ಕೆ ನಿಜವಾದ ಹೆಂಡ್ತಿ ಅಂತ ಆಗಲ್ಲ. ಹೆಂಡ್ತಿಗೆ ಮಾತ್ರ ಗೊತ್ತಿರೋದನ್ನ ಕೇಳಿ, ಹೇಳ್ತೀನಿ."

ಅಧಿಕಾರಿಗಳ ಪೆನ್ನು ನಿಂತಿತು. "ಸರಿ, ಹೇಳು."

"ನಿಮ್ಮ ಕೈಲಿರೋ ಅರ್ಜಿ ಕೆಳಗೆ ಪೋಷಕರ ಸಹಿ ಇದೆ. ಆ ಸಹಿ ಹಾಕಿದೋರು ಒಬ್ರು ಇದಾರೆ. ಒಬ್ರೇ ಇದಾರೆ, ಇಬ್ರಲ್ಲ. ಅವ್ರು ಎಡಚರು. ಎಡಗೈಲಿ ಬರ್ಯೋವಾಗ ಅಂಗೈ ಇಂಕಿನ ಮೇಲೆ ಎಳಕೊಂಡ್ ಹೋಗ್ತದೆ. ಆ ಸಹಿ ಎಡದಿಂದ ಬಲಕ್ಕೆ ಒರಸ್ಕೊಂಡ್ ಹೋಗಿದೆ, ನೋಡಿ ಸಾರ್."

ಅಧಿಕಾರಿಗಳು ಅರ್ಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಉಳಿದ ಹದಿನಾಲ್ಕು ಅರ್ಜಿಗಳನ್ನೂ ಮಗುಚಿ ನೋಡಿದರು. ಯಾವುದರಲ್ಲೂ ಸಹಿ ಒರಸಿರಲಿಲ್ಲ. ನಾನು ಕೂಡ ಆ ಅರ್ಜಿಯನ್ನು ತುಂಬಿಸಿಕೊಂಡವನೇ, ಇಂಕು ಒರಸಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಇದೆ" ಎಂದರು. ಅಷ್ಟೇ. ಆಮೇಲೆ ಅವರ ಗಂಭೀರ ಮುಖದಲ್ಲಿ ನಿಧಾನವಾಗಿ ನಗು ಮೂಡಿತು. "ಇದನ್ನ ನಿನಗೆ ಯಾರಮ್ಮ ಕಲಿಸಿದ್ದು?"

"ಸಾರ್ ಕಲಿಸಿದ್ರು" ಎಂದು ಅವಳು ನನ್ನ ಕಡೆ ನೋಡಿದಳು.

"ಇಲ್ಲ ಸಾರ್, ಇವರತ್ತೆ ಕಲಿಸಿದ್ದು" ಎಂದೆ. "ನನಗೂ ಅವರೇ ಕಲಿಸಿದ್ದು."

ಇಡೀ ತರಗತಿ ಬೆಂಚು ಬಡಿಯಿತು. ಪುಟ್ಟಸ್ವಾಮಿಗೌಡರು ಶಿಸ್ತು ಮರೆತು ಬಾಗಿಲು ಬಡಿದರು. ಅಧಿಕಾರಿಗಳು ವರದಿಯಲ್ಲಿ ಒಂದೇ ಸಾಲು ಬರೆದರು: ವಿಷಯ ಮುಂದುವರಿಯಬಹುದು. ಅವರ ಜೀಪು ಗೇಟು ದಾಟುವ ಮೊದಲೇ ಗೌಡರು ಸ್ಟಾಫ್ ರೂಮಿಗೆಲ್ಲ ಚೌಚೌ ಬಾತ್ ಹೇಳಿದರು. ನನ್ನ ಬೆನ್ನಿಗೊಂದು ಗುದ್ದು ಕೊಟ್ಟು, "ಉಳ್ಕತು ಕಣ್ರೀ ನಿಮ್ ಶಾಸ್ತ್ರ! ಜಗಳ ಅಂದ್ರೆ ಇಂಗಾಡ್ಬೇಕು!" ಎಂದರು. ಮುಂದಿನ ವರ್ಷ ದಾಖಲಾತಿ ಸಮಯದಲ್ಲಿ ಅವರೇ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ತರ್ಕಶಾಸ್ತ್ರ ತಗೊಳ್ರಲಾ ಎಂದು ಹೇಳುತ್ತಿದ್ದರು. ಗಾವಡಗೆರೆ ಒಂದರಿಂದಲೇ ಒಂಬತ್ತು ಹೆಣ್ಣುಮಕ್ಕಳು ಬಂದರು. ಬೆಂಚು ಸಾಲಲಿಲ್ಲ.

ಆಮೇಲೆ ಪಿರಿಯಾಪಟ್ಟಣ, ಕೆ.ಆರ್. ನಗರ ಎಂದು ಸುತ್ತಿದೆ. ಎಲ್ಲಿಗೆ ಹೋದರೂ ಮೊದಲ ದಿನ ಬೋರ್ಡಿನ ಮೇಲೆ ಏನನ್ನೂ ಬರೆಯದೆ ಮಕ್ಕಳ ಮಾತು ಕೇಳಿಸಿಕೊಳ್ಳುತ್ತಿದ್ದೆ. ಆದರ್ಶ ಭಾಷೆ ಬೇಡವಾಯಿತೇ ಎಂದು ಕೆಲವರು ಕೇಳುತ್ತಾರೆ. ಬೇಡವಾಗಲಿಲ್ಲ. ಅದನ್ನು ಕಟ್ಟಲು ದೂರದ ದೊಡ್ಡವರು ಕಾಗದ ಪೆನ್ನು ಹಿಡಿದು ಕೂತಿದ್ದರು ಎಂದು ನಾನು ನಂಬಿದ್ದೆ. ಅದರ ಒಂದು ತುಂಡು ನಮ್ಮ ಹೊಗೆಸೊಪ್ಪಿನ ರಾಶಿಯ ಪಕ್ಕದಲ್ಲಿ, ಇನ್ನೊಂದು ತುಂಡು ರಹಮತ್ ಮನೆಯ ಮರದ ಚೌಕಟ್ಟಿನಲ್ಲಿ ಆಗಲೇ ಇತ್ತು. ಮೇಷ್ಟ್ರಾದವನು ಅದನ್ನು ಹುಡುಕಿ ಹೆಕ್ಕಿಕೊಳ್ಳಬೇಕಿತ್ತು. ನಾನು ತಡವಾಗಿ ಹೆಕ್ಕಿಕೊಂಡೆ, ನೀವು ಬೇಗ ಹೆಕ್ಕಿಕೊಳ್ಳಿ.

ಜಯಮ್ಮ ಪಿಯುಸಿ ಆದಮೇಲೆ ಮನೆಯಲ್ಲೇ ಇದ್ದುಕೊಂಡು ಬಿ.ಎ. ಕಟ್ಟಿದಳು, ಎರಡು ಮಕ್ಕಳ ನಡುವೆ ಎಂ.ಎ. ಮುಗಿಸಿದಳು. ನಾನು ಪಿರಿಯಾಪಟ್ಟಣದಲ್ಲಿ ಬಿಟ್ಟುಬಂದ ಕುರ್ಚಿಯಲ್ಲಿ ಕೂತು ತರ್ಕಶಾಸ್ತ್ರ ಹೇಳಿದಳು. ಬಹುವಚನ ಬಳಸಬೇಕು, ಬರೆಯುವಾಗ ಮಾತ್ರ ಕೈ ತಪ್ಪುತ್ತದೆ. ಜಯಮ್ಮನವರು ಹೇಳಿದರು.

ನನ್ನ ನಿವೃತ್ತಿಯ ದಿನ ಕಾಲೇಜಿನಲ್ಲಿ ಸಣ್ಣದೊಂದು ಸಮಾರಂಭ. ಹಾರ, ಶಾಲು, ಒಂದು ಗೋಡೆ ಗಡಿಯಾರ. ಬಂದವರೆಲ್ಲ ನನ್ನ ಹೆಸರಿನ ಹಿಂದೆ ಮುಂದೆ ಏನೇನೋ ಬಿರುದು ಸೇರಿಸಿ ಹೊಗಳಿದರು, ನನಗೆ ನಿದ್ದೆ ಬರುತ್ತಿತ್ತು. ಕೊನೆಗೆ ಜಯಮ್ಮನವರು ಮೈಕ್ ಮುಂದೆ ಬಂದರು. ಮೊದಲ ಸಾಲಿನಲ್ಲಿ ಕೆಂಪಮ್ಮ ಕೋಲು ಹಿಡಿದು ಕೂತಿದ್ದಳು. ವಯಸ್ಸಾಗಿತ್ತು, ಕಣ್ಣು ಮಾತ್ರ ಹಿಂದಿನ ಹಾಗೇ ಇತ್ತು.

"ಇವತ್ತು ನಾನು ಒಬ್ಬರ ಬಗ್ಗೆ ಮಾತಾಡ್ಬೇಕು. ಹೆಸರು ಹೇಳಲ್ಲ. ನಮ್ಮಲ್ಲಿ ಗುರುಗಳ ಹೆಸರೂ ಹೇಳಬಾರದು" ಎಂದರು. ಸಭೆ ನಕ್ಕಿತು. "ಒಂದು ತಪ್ಪು ಮಾಡಿ, ಆ ತಪ್ಪಿಗೆ ಬಸ್ ಹತ್ತಿ ನಮ್ಮೂರಿಗೆ ಬಂದು, ಹೊಗೆಸೊಪ್ಪಿನ ರಾಶಿ ಮುಂದೆ ನಿಂತು, ಅಕ್ಷರ ಬಾರದ ನಮ್ಮತ್ತೆಗೆ ಕೈ ಮುಗಿದು 'ತಾಯಿ, ಇನ್ನೊಂದು ಸಲ ಹೇಳಿಕೊಡಿ' ಅಂದ ಲೆಕ್ಚರರು..." ಒಂದು ಗುಟುಕು ನೀರು ಕುಡಿದು ಹೇಳಿದರು.

"ಅಂಥವರು ಒಬ್ರು ಇದಾರೆ. ಒಬ್ರೇ ಇದಾರೆ."

ಮೂರನೆಯ ಮಾತು ಬಾಕಿ ಉಳಿಯಿತು. ಅವರಿಗೆ ಮುಂದೆ ಹೇಳಲಾಗಲಿಲ್ಲ. ಸಭೆಯೆಲ್ಲ ಕಾಯುತ್ತಿತ್ತು. ಆಗ ಮೊದಲ ಸಾಲಿನಿಂದ ಕೆಂಪಮ್ಮ ಕೋಲು ಎತ್ತಿ ನನ್ನ ಕಡೆ ತೋರಿಸಿ, ಮೈಕೇ ಬೇಡದ ದನಿಯಲ್ಲಿ ಕೂಗಿದಳು.

"ಅಳ್ತಾ ಕುಂತವ್ರೆ, ಅಗೋ ನೋಡ್ರವ್ವ!"

ಎಲ್ಲರೂ ತಿರುಗಿ ನೋಡಿದರು. ಮೂರನೆಯ ಮಾತೂ ನಿಜವಾಗಿತ್ತು.